ಅಂಬಕ್ಕನ ಕರಿಬೇವು

ನಮ್ಮ ಊರಿಗೆ ಮಣ್ಣು ಹೊರಗಿನಿಂದ ಬರಬೇಕು. ಊರು ಕೂತಿರುವುದು ಒಂದೇ ಹಾಸುಬಂಡೆಯ ಮೇಲೆ. ಗುದ್ದಲಿ ಹಾಕಿದರೆ ಕಿಡಿ ಹಾರೀತೇ ಹೊರತು ಹುಲ್ಲಿನ ಬೇರು ಇಳಿಯುವಷ್ಟು ಸಂದಿಯೂ ಸಿಗದು. ಹಾಗಾಗಿ ನಮ್ಮಲ್ಲಿ ಗಿಡ ಎಂದರೆ ಕುಂಡದ ಗಿಡವೇ. ಕುಂಡವೆಂದರೂ ಎಲ್ಲವೂ ಕುಂಬಾರನ ಮನೆಯಿಂದ ಬಂದವಲ್ಲ. ಕಿವಿ ಮುರಿದ ಕಡಾಯಿ, ಎಣ್ಣೆಯ ಡಬ್ಬ, ಮಕ್ಕಳು ದೊಡ್ಡವರಾದ ಮೇಲೆ ಕೆಲಸವಿಲ್ಲದೆ ಉಳಿದ ತೊಟ್ಟಿಲು, ಯಾವುದಾದರೂ ಆದೀತು. ಒಬ್ಬ ವಕೀಲರ ಮನೆಯಲ್ಲಿ, ಸೋತ ಮೊಕದ್ದಮೆಗಳ ಕಾಗದ ಇಡುತ್ತಿದ್ದ ಟ್ರಂಕಿನಲ್ಲಿ ಬದನೆ ಚೆನ್ನಾಗಿ ಕಾಯುತ್ತದೆ. ಊರ ಅಗಸೆಬಾಗಿಲ ಬಳಿ ಮೋದಿನಸಾಬರ ಮಣ್ಣಿನ ಡಿಪೋ ಇದೆ. ಕೆಂಪು, ಕಪ್ಪು, ಮರಳು ಬೆರೆಸಿದ್ದು, ಗೊಬ್ಬರ ಬೆರೆಸಿದ್ದು, ರಾಶಿರಾಶಿಯಾಗಿ ಬಿದ್ದಿರುತ್ತದೆ. ಮಗಳ ಮದುವೆಯಲ್ಲಿ ಎರಡು ಬುಟ್ಟಿ ಕರಿಮಣ್ಣು ಕಳಿಸದ ತಂದೆ ನಮ್ಮೂರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಬೀಗರಲ್ಲಿ ಮಾತು ಬೆಳೆದರೆ ಕೊನೆಗೆ ಅದು ಬಂದು ನಿಲ್ಲುವುದು, "ನೀವು ಕಳಿಸಿದ ಮಣ್ಣು ನೋಡೇವಿ ಬಿಡ್ರಿ, ಅರ್ಧಕ್ಕರ್ಧ ಉಸುಕು" ಎಂಬಲ್ಲಿಗೆ.

ನಮ್ಮಲ್ಲಿ ಗಿಡ ತನಗೆ ನೀರು ಹಾಕುವ ಕೈಯ ಗುಣ ಹಿಡಿಯುತ್ತದೆ. ದೊಡ್ಡ ಗುಣಗಳನ್ನಲ್ಲ. ಧೈರ್ಯ, ತ್ಯಾಗ ಮುಂತಾದವು ನಮ್ಮ ಊರಿನ ಗಿಡಗಳಲ್ಲಿ ಕಂಡಿಲ್ಲ. ಮನುಷ್ಯರಲ್ಲಿ ಇದ್ದರೆ ತಾನೇ ಗಿಡಕ್ಕೆ ಬರುವುದು. ಹಿಡಿಯುವುದೆಲ್ಲ ಸಣ್ಣಪುಟ್ಟ ಚಾಳಿಗಳನ್ನು. ದೊಡ್ಡ ಕಚೇರಿಯ ಸಾಹೇಬರ ಕ್ರೋಟನ್ ಗಿಡಕ್ಕೆ ಜವಾನ ನೀರು ಹಾಕುತ್ತಿದ್ದ, ಅದು ಬಂದವರಿಗೆಲ್ಲ ಬಾಗುತ್ತಿತ್ತು. ಸಾಹೇಬರು ಒಬ್ಬರೇ ಬಂದಾಗ ಸ್ವಲ್ಪ ಕಡಿಮೆ. ಹಾರ್ಮೋನಿಯಂ ಮಾಸ್ತರರು ಯಾತ್ರೆಗೆ ಹೋಗುವಾಗ ದಾಸವಾಳವನ್ನು ಅಳಿಯನಿಗೆ ಒಪ್ಪಿಸಿ ಹೋದರು. ತಿರುಗಿ ಬರುವಷ್ಟರಲ್ಲಿ ಅದು ಸೂರ್ಯ ನೆತ್ತಿಗೆ ಬರುವ ತನಕ ಹೂವು ಬಿಚ್ಚದೆ ಮಲಗುವುದನ್ನು ಕಲಿತಿತ್ತು. ಅಳಿಯ ಬೆಳಿಗ್ಗೆ ಬೇಗ ಏಳುತ್ತಾನೆಂದು ಹೇಳಿ ಮದುವೆ ಮಾಡಿದವರೊಡನೆ ಮಾಸ್ತರರು ಈಗಲೂ ಮಾತಾಡುವುದಿಲ್ಲ. ಮಳೆಗೆ ಕೈಯಿಲ್ಲವಾದ್ದರಿಂದ ಮಳೆಯಲ್ಲಿ ನೆನೆದ ಗಿಡ ಪೆದ್ದಾಗುತ್ತದೆಂಬುದು ನಮ್ಮ ನಂಬಿಕೆ. ಮೋಡ ಕಟ್ಟಿದರೆ ಮೊದಲು ಕುಂಡ, ಆಮೇಲೆ ಬಟ್ಟೆ, ಕೊನೆಗೆ ಕಟ್ಟೆಯ ಮೇಲೆ ಕೂತ ಅಜ್ಜನನ್ನು ಒಳಗೆ ತರುತ್ತೇವೆ. ನನ್ನದೊಂದು ಲೋಳೆಸರ ಇದೆ. ಎಲ್ಲ ಕಡೆಗೂ ಸ್ವಲ್ಪ ಬಾಗಿ ಕಿವಿಗೊಡುತ್ತದೆ, ಯಾವುದಕ್ಕೂ ಎದ್ದು ಹೋಗುವುದಿಲ್ಲ. ಅದರ ವಿಷಯ ಇಷ್ಟು ಸಾಕು.

ನಾನು ಹೇಳಹೊರಟಿರುವುದು ನಮ್ಮ ಪಕ್ಕದ ಮನೆಯ ಯಮುನಕ್ಕನ ಸಂಗತಿ. ಅವರ ಗಂಡ ಶೇಷಗಿರಿರಾಯರು ಗಡಿಯಾರ ರಿಪೇರಿ ಮಾಡುತ್ತಾರೆ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜಿನೊಳಗೆ ಬೀಳದ ಯಾವ ವಸ್ತುವನ್ನೂ ಅವರು ಸರಿಯಾಗಿ ನೋಡಿದವರಲ್ಲ. ಆ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಕಲ್ಲಚಪ್ಪಡಿಯ ಗೋಡೆ. ಹೀಗಾಗಿ ಯಮುನಕ್ಕ ಮತ್ತು ಅವರ ನಾದಿನಿ ಅಂಬಕ್ಕ ಮೂವತ್ತು ವರ್ಷ ಮಾಡಿದ ಜಗಳ ನನಗೂ ನನ್ನ ಹೆಂಡತಿಗೂ ಬಾಯಿಪಾಠ.

ಯಮುನಕ್ಕ ಹೊಳೆದಂಡೆಯ ಊರಿನವರು. ಅಲ್ಲಿ ಮಣ್ಣಿಗೆ ಬರವಿಲ್ಲ, ಗಿಡಕ್ಕೆ ಬೆಲೆಯಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅವರು, "ನಮ್ಮ ಕಡೆ ಗಿಡ ಅಂದ್ರ ಗಿಡ. ಅದಕ್ಕ ಮಾರಿನೂ ಇರೂದಿಲ್ಲ, ಮೂಗೂ ಇರೂದಿಲ್ಲ. ಇದೇನ ಹುಚ್ಚರ ಊರೋ" ಎಂದಿದ್ದರು. ಆ ಮಾತನ್ನು ಉಳಿಸಿಕೊಳ್ಳಲಿಕ್ಕೋ ಏನೋ, ಇಷ್ಟು ವರ್ಷವಾದರೂ ತಮ್ಮದೆಂದು ಒಂದು ಕುಂಡ ಇಡಲಿಲ್ಲ. ಮನೆಯಲ್ಲಿದ್ದ ಗಿಡ ಒಂದೇ, ಅಂಬಕ್ಕನ ಕರಿಬೇವು. ಹಿಡಿಕೆ ಗಟ್ಟಿಯಾಗಿದ್ದು ತಳ ಮಾತ್ರ ತುಕ್ಕು ತಿಂದ ಕಬ್ಬಿಣದ ಬಕೆಟ್ಟಿನಲ್ಲಿ, ಅಂಗಳದಲ್ಲಿ ಇತ್ತು. ಅಂಗಳದ ಒಂದು ಕಡೆ ಅಡಿಗೆಮನೆಯ ಕಿಟಕಿ, ಎದುರು ಕಡೆ ಬೀದಿಯ ಬಾಗಿಲು. ಅಂಬಕ್ಕನಿಗೆ ಮದುವೆಯಾಗಿರಲಿಲ್ಲ. ಒಮ್ಮೆ ವರನ ಕಡೆಯವರು ಬಂದಿದ್ದರಂತೆ. ಗಿಡ ನೋಡುವ ಶಾಸ್ತ್ರ ನಡೆಯಬೇಕಾದರೆ ಕರಿಬೇವು ಎಲೆಯೆಲೆಯನ್ನೂ ಗೋಡೆಗೆ ತಿರುಗಿಸಿ ನಿಂತುಬಿಟ್ಟಿತು. ಹುಡುಗನ ತಾಯಿ, "ನಿಮ್ಮ ಹುಡುಗಿ ಮನಸ್ಸು ಹೇಳಬೇಕಾಗಿಲ್ಲ ಬಿಡ್ರಿ" ಎಂದು ಅವಲಕ್ಕಿ ತಿಂದು ಎದ್ದರು. ಅಂಬಕ್ಕ ಅದೇ ವಾರ ಮೋದಿನಸಾಬರ ಡಿಪೋದಲ್ಲಿ ಕೆಲಸಕ್ಕೆ ಸೇರಿ ಮಣ್ಣು ಜರಡಿ ಹಿಡಿಯತೊಡಗಿದರು.

ಆ ಗಿಡ ಅಂಬಕ್ಕನ ಪಡಿಯಚ್ಚು. ಯಾವಾಗಲೂ ಅಡಿಗೆಮನೆಯ ಕಿಟಕಿಯ ಕಡೆಗೇ ವಾಲಿರುತ್ತಿತ್ತು. ಯಮುನಕ್ಕ ಒಗ್ಗರಣೆಗೆ ಇಂಗು ಹೆಚ್ಚು ಹಾಕಿದರೆ ಗಾಳಿಯಿಲ್ಲದಿದ್ದರೂ ಚರಚರ ಸದ್ದು ಮಾಡುತ್ತಿತ್ತು. ಆರತಿಯ ಹಾಡಿನಲ್ಲಿ ಸ್ವರ ತಪ್ಪಿದರೆ ಒಂದೆಲೆ ಉದುರಿಸುತ್ತಿತ್ತು.

"ನೋಡ್ರಿ ವೈನಿ, ನಾ ಏನೂ ಅಂದಿಲ್ಲ," ಎನ್ನುತ್ತಿದ್ದರು ಅಂಬಕ್ಕ, ಅತ್ತಿಗೆಗೆ.

"ನೀ ಯಾಕ ಅಂತೀ. ನೀ ಬಾಡಿಗೀಗೆ ಒಂದು ಬಾಯಿ ಇಟ್ಟೀಯಲ್ಲ, ಅದ ಅಂತದ."

"ಗಿಡ ಸುಳ್ಳು ಹೇಳೂದಿಲ್ಲ ವೈನಿ."

"ಸುಳ್ಳು ಹೇಳೂದಿಲ್ಲ ಅಂದ್ರ ಸುಮ್ನರ ಇರ್ಲಿ. ಸುಮ್ನಿರೂದು ನಿಮ್ಮ ಮನೆತನದಾಗ ನಿಮ್ಮಣ್ಣಗ ಒಬ್ಬಗ ಬಂದದ."

ಒಳಗಿನಿಂದ ಶೇಷಗಿರಿರಾಯರು, "ನನ್ನ ಯಾಕ ಎಳೀತೀರಿ, ಇಲ್ಲೆ ಮುಳ್ಳು ಜಾರ್ತದ" ಎನ್ನುತ್ತಿದ್ದರು. ಇಂಥ ದಿನಗಳು ಹೀಗೆಯೇ ನಡೆದುಕೊಂಡು ಹೋಗುತ್ತವೆಂದು ನಾವೂ ತಿಳಿದಿದ್ದೆವು.

ಒಂದು ಮಧ್ಯಾಹ್ನ ಅಂಬಕ್ಕ ಡಿಪೋದಲ್ಲಿ ಕೆಂಪುಮಣ್ಣಿನ ರಾಶಿಗೆ ಒರಗಿ ಕೂತವರು ಏಳಲಿಲ್ಲ. ಮೋದಿನಸಾಬರು, ಯಾವತ್ತೂ ಹಾಗೆ ಕೂತವಳಲ್ಲ, ದಣಿದಿರಬೇಕೆಂದು ಸ್ವಲ್ಪ ಹೊತ್ತು ಬಿಟ್ಟರಂತೆ. ಕೂಗಿದಾಗ ತಿಳಿಯಿತು.

ನಮ್ಮಲ್ಲಿ ಒಬ್ಬರು ಹೋದ ಮೇಲೆ ಅವರ ಗಿಡಕ್ಕೆ ಕೈ ಕೊಡುವ ಪದ್ಧತಿ ಇದೆ. ಕರ್ಮವೆಲ್ಲ ಮುಗಿದ ದಿನ ನಾಲ್ಕು ಜನರ ಎದುರು ಮನೆಯವರೊಬ್ಬರು ಗಿಡಕ್ಕೆ ನೀರು ಹಾಕುತ್ತಾರೆ. ಅಲ್ಲಿಂದ ಗಿಡ ಅವರದು. ತಿಂಗಳೊಪ್ಪತ್ತಿನಲ್ಲಿ ಹೋದವರ ಚಾಳಿಗಳನ್ನು ಒಂದೊಂದಾಗಿ ಬಿಟ್ಟು ಇರುವವರ ಚಾಳಿಗಳನ್ನು ಕಲಿಯುತ್ತದೆ. ಕೆಲವರು ಅದನ್ನು ಎರಡನೆಯ ಸಾವು ಎನ್ನುತ್ತಾರೆ. ಆದರೆ ನೀರಿಲ್ಲದೆ ಒಣಗಿಸುವುದಕ್ಕಿಂತ ಅದು ವಾಸಿ ಎಂದು ಊರೆಲ್ಲ ಒಪ್ಪಿಕೊಂಡು ಬಂದಿದೆ. ಕರಿಬೇವಿಗೆ ಕೈ ಕೊಡಬೇಕಾದವರು ಅಣ್ಣ. ಶೇಷಗಿರಿರಾಯರು ತಂಬಿಗೆ ಹಿಡಿದು ಅಂಗಳಕ್ಕೆ ಇಳಿದರು. ಯಮುನಕ್ಕ ಅಡಿಗೆಮನೆಯಿಂದ ಬಂದು ಬಕೆಟ್ಟಿಗೂ ಗಂಡನಿಗೂ ನಡುವೆ ನಿಂತರು.

"ಮುಟ್ಟಬ್ಯಾಡ್ರಿ."

"ಅಲ್ಲ, ಮಂದಿ ಬಂದಾರ," ಎಂದರು ರಾಯರು.

"ಬಂದವರಿಗೆ ಎಲಿ ಹಾಕೇನಿ. ಊಟಾ ಮಾಡ್ರಿ. ಗಿಡದ ಸುದ್ದಿಗೆ ಯಾರೂ ಬರಬ್ಯಾಡ್ರಿ."

ನೆಂಟರ ಪೈಕಿ ಹಿರಿಯರಾದ ಸೀನಪ್ಪನವರು, "ನೀರು ಹಾಕದಿದ್ರ ಒಣಗ್ತದಲ್ಲವಾ ಯಮುನಾ" ಎಂದರು.

"ಒಣಗಿದ್ರ ನನ್ನ ಮನಿ ಗಿಡ ಒಣಗ್ತದ. ನಿಮಗ ಹೋಳಿಗಿಗೆ ತುಪ್ಪ ಬಿದ್ದಿಲ್ಲೇನು?"

ತುಪ್ಪ ಬಿದ್ದಿತ್ತು. ಎಲ್ಲರೂ ಊಟ ಮಾಡಿದರು. ಕೈ ತೊಳೆಯುವಷ್ಟರಲ್ಲಿ ತೀರ್ಪೂ ಆಗಿತ್ತು. ಸತ್ತ ಮೇಲೂ ಬಿಡಲಿಲ್ಲ ನೋಡು, ಗಿಡವನ್ನು ನೀರಿಲ್ಲದೆ ಕೊಲ್ಲುತ್ತಾಳೆ, ಮೂವತ್ತು ವರ್ಷದ ಸಿಟ್ಟು ಇಂದು ತೀರಿಸಿಕೊಳ್ಳುತ್ತಾಳೆ ಎಂದು ನಮ್ಮ ಓಣಿ ಮಾತಾಡಿಕೊಂಡಿತು. ಪಾತ್ರೆ ತಿಕ್ಕುವ ನಿಂಗವ್ವನಂತೂ ನಲ್ಲಿಯ ಬಳಿ, "ನಾ ಏನರ ಸತ್ರ ನನ್ನ ಮೆಂತೇದ ಡಬ್ಬಿ ಮೊದ್ಲ ಎತ್ತಿಡ್ರಿ, ಸೊಸಿ ಕೈಗೆ ಸಿಗಬಾರ್ದು" ಎಂದು ಬಂದಬಂದವರಿಗೆ ಹೇಳತೊಡಗಿದಳು.

ನಡೆದದ್ದು ಬೇರೆ. ಇದನ್ನು ಯಮುನಕ್ಕ ಆಮೇಲೆ, ಒಂದು ದಿನ ಅಕ್ಕಿ ಆರಿಸುತ್ತ, ನನ್ನ ಹೆಂಡತಿಯ ಮುಂದೆ ಹೇಳಿಕೊಂಡರು. ಅಂಬಕ್ಕ ಹೋದ ದಿನ ಸಂಜೆ ಮನೆ ತುಂಬ ಜನವಿದ್ದಾಗ ಯಾವುದಕ್ಕೋ ಹಿತ್ತಿಲ ಕೋಣೆಗೆ ಹೋದರಂತೆ. ಅಲ್ಲಿ ಮೂಲೆಯಲ್ಲಿ ದೊಡ್ಡ ತಾಮ್ರದ ಹಂಡೆ, ಕಂಠದ ತನಕ ತುಂಬಿತ್ತು. ನಮ್ಮೂರಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಕೋಳಿ ಕೂಗುವ ಹೊತ್ತಿಗೆ. ಎದ್ದು ಹಂಡೆ ತುಂಬುವುದು ಅಂಬಕ್ಕನ ಪಾಲಿನ ಕೆಲಸ. ಆ ಬೆಳಿಗ್ಗೆಯೂ ತುಂಬಿಯೇ ಡಿಪೋಕ್ಕೆ ಹೋಗಿದ್ದರು. ಯಮುನಕ್ಕ ಹಂಡೆಯ ಮುಂದೆ ಎಷ್ಟೋ ಹೊತ್ತು ನಿಂತರು. ಅಂಬಕ್ಕ ತನ್ನ ಕೈಯಾರೆ ಹಿಡಿದು ತುಂಬಿದ ನೀರು ಇಷ್ಟು ಉಳಿದಿದೆ. ಇದನ್ನು ಹಾಕಿದರೆ ಗಿಡ ಬೇರೆ ಯಾರ ಕೈಗೂ ಹೋಗುವುದಿಲ್ಲ, ಅಂಬಕ್ಕನದಾಗಿಯೇ ಉಳಿಯುತ್ತದೆ ಎಂದುಕೊಂಡರು. ಹಂಡೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಹಳೆ ಸೀರೆಯ ತುಂಡು ಹೊದಿಸಿ, ಅದರ ಮೇಲೆ ಕುಟ್ಟಾಣಿಯ ಕಲ್ಲು ಹೇರಿದರು. ಗಂಡನಿಗೆ ಹೇಳಲಿಲ್ಲ. ಗಿಡಕ್ಕೆ ಮಾರಿ ಮೂಗು ಇರುವುದಿಲ್ಲ ಎಂದು ಮೂವತ್ತು ವರ್ಷ ಹೇಳಿದ ಬಾಯಿಂದ ಈಗ ಏನೆಂದು ಹೇಳುವುದು.

ದಿನಾ ಮಧ್ಯಾಹ್ನ ರಾಯರು ಅಂಗಡಿಗೆ ಹೋಗಿ ಓಣಿ ಮಲಗಿದ ಮೇಲೆ ಒಂದು ತಂಬಿಗೆ ನೀರು ತಂದು ಬುಡಕ್ಕೆ ಸುರಿಯುತ್ತಿದ್ದರು. ಒಂದು ಹನಿಯೂ ಹೊರಗೆ ಬೀಳದಂತೆ ಅಂಚಿನಿಂದ ನಿಧಾನ ಹಾಕುತ್ತಿದ್ದರು. ಓಣಿಯವರಿಗೆ ಮಾತ್ರ ಆಶ್ಚರ್ಯ. ನೀರಿಲ್ಲದ ಗಿಡ ಯಾಕೆ ಸಾಯುವುದಿಲ್ಲ ಎಂದು ನಿಂಗವ್ವನ ಕೈಲಿ ಬೇಹು ನಡೆಸಿ ಸೋತರು. "ಅಂಬಕ್ಕ ಭಾಳ ಗಟ್ಟಿ ಜೀವ, ಅದಕ್ಕ" ಎಂದು ಕೊನೆಗೆ ಅದಕ್ಕೂ ಒಂದು ಕಾರಣ ಕಂಡುಕೊಂಡರು.

ಮೊದಮೊದಲು ಎಲ್ಲ ಸರಿಯಾಗಿತ್ತು. ಯಮುನಕ್ಕ ಬೇಕೆಂದೇ ಇಂಗು ಹೆಚ್ಚು ಹಾಕಿ ಕಿವಿಗೊಡುತ್ತಿದ್ದರು. ಅಂಗಳದಲ್ಲಿ ಚರಚರ ಸದ್ದಾದರೆ, "ಹಾಂ, ನೀನ ಮಾಡ್ಕೋ ಹಂಗಾರ" ಎಂದು ಕಿಟಕಿಯಿಂದ ಕೂಗುತ್ತಿದ್ದರು. ಆ ದಿನಗಳಲ್ಲಿ ಶೇಷಗಿರಿರಾಯರು ಊಟಕ್ಕೆ ಕೂತರೆ ನಮ್ಮ ಮನೆಯ ತನಕ ಇಂಗಿನ ವಾಸನೆ ಬರುತ್ತಿತ್ತು. ಪಾಪ, ಒಂದು ಮಾತಾಡದೆ ಉಂಡರು. ಆರತಿಯನ್ನೂ ಯಮುನಕ್ಕ ಮೊದಲಿಗಿಂತ ಅಡ್ಡಾದಿಡ್ಡಿಯಾಗಿ ಹಾಡುತ್ತಿದ್ದರು. ಎಲೆ ಉದುರಿದರೆ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು.

ಬರಬರುತ್ತ ಸದ್ದು ಕಡಿಮೆಯಾಯಿತು. ಇಂಗಿಗೆ ಗಿಡ ಸುಮ್ಮನಿದ್ದ ದಿನ ಯಮುನಕ್ಕ ಇನ್ನೊಂದು ಚಿಟಿಕೆ ಹಾಕಿದರು. ಆಗಲೂ ಸುಮ್ಮನಿತ್ತು. ಆರತಿಗೆ ಎಲೆ ಉದುರುವುದೂ ನಿಂತಿತು. ಅದರ ಬದಲು ಹೊಸದೊಂದು ಶುರುವಾಯಿತು. ಸಂಜೆ ಬೀದಿದೀಪ ಹತ್ತುವ ಸುಮಾರಿಗೆ ಗಿಡ ಅಡಿಗೆಮನೆಯ ಕಿಟಕಿ ಬಿಟ್ಟು ಮೆಲ್ಲಗೆ ಬೀದಿಬಾಗಿಲಿನ ಕಡೆ ಹೊರಳಿಕೊಳ್ಳುತ್ತಿತ್ತು. ಚಿಲಕ ಸದ್ದಾದರೆ ತುದಿಯ ಚಿಗುರೆಲ್ಲ ನೆಟ್ಟಗಾಗುವುದು, ಒಳಗೆ ಬಂದವರು ಯಾರೆಂದು ಕಂಡ ಮೇಲೆ ಜೋಲುವುದು. ಯಮುನಕ್ಕನಿಗೆ ಅರ್ಥ ಸ್ಪಷ್ಟವಿತ್ತು. ಅಂಬಿಗೆ ಸಿಟ್ಟು ಬಂದಿದೆ. ಹೊರಗೆ ಹೋಗಬೇಕು ಅನ್ನುತ್ತಿದ್ದಾಳೆ.

"ಎಲ್ಲಿ ಹೋಗ್ತೀ?" ಎಂದು ಕೇಳಿದ್ದು ಗೋಡೆಯಾಚೆ ನಮಗೆ ಕೇಳಿಸಿತು. "ಅಡಗಿ ಸೇರಲಿಲ್ಲಂದ್ರ ಹೇಳು. ಇಂಗು ಬಿಡ್ತೀನಿ. ನಿನ್ನ ಕಾಲಾಗ ನಿಮ್ಮಣ್ಣನ ಹೊಟ್ಟಿನೂ ಕೆಟ್ಟದ." ನನ್ನ ಹೆಂಡತಿ ನನ್ನ ಮುಖ ನೋಡಿದಳು. ಗಿಡವನ್ನು ಒಣಗಿಸಿ ಕೊಲ್ಲುವವರು ಹೀಗೆ ಮಾತಾಡುವುದಿಲ್ಲವೆಂದು ನಮ್ಮಿಬ್ಬರಿಗೂ ಅಂದೇ ಅನುಮಾನ ಬಂತು. ಮರುದಿನದಿಂದ ಆ ಮನೆಯಲ್ಲಿ ಇಂಗಿನ ವಾಸನೆ ನಿಂತಿತು. ಗಿಡ ಮಾತ್ರ ಸಂಜೆಯಾದರೆ ಬಾಗಿಲು ನೋಡುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಹಂಡೆಯೂ ತಳ ಕಾಣತೊಡಗಿತ್ತು. ಯಮುನಕ್ಕ ತಂಬಿಗೆಯಿಂದ ಲೋಟಕ್ಕೆ ಇಳಿದರು. ಲೋಟವನ್ನೂ ಅರ್ಧ ಮಾಡಿದರು. ಕರಿಬೇವಿನ ಕೆಳಗಿನ ಎಲೆಗಳು ಹಳದಿಯಾದವು. ಇನ್ನೆಷ್ಟು ದಿನ ಎಂದು ಅವರು ಹಂಡೆಯೊಳಗೆ ಬಗ್ಗಿ ನೋಡುವುದು, ಇನ್ನೂ ಸ್ವಲ್ಪ ಇದೆ ಎಂದು ತಮಗೇ ಹೇಳಿಕೊಂಡು ಮುಚ್ಚುವುದು ನಡೆದಿತ್ತು. ಹೀಗಿರುವಾಗ ನಲ್ಲಿಯ ಕೊಳವೆ ಎಲ್ಲೋ ಒಡೆದು ಊರಿಗೆ ನೀರು ಬರಲಿಲ್ಲ. ಶೇಷಗಿರಿರಾಯರು ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದವರು, ನೀರಿಲ್ಲವೆಂದು ಕಂಡು, ಹಿತ್ತಿಲ ಕೋಣೆಯ ಮೂಲೆಯಲ್ಲಿ ಯಾವುದೋ ಹಂಡೆ ನೋಡಿದಂತೆ ನೆನಪಾಗಿ, ಕಲ್ಲು ತೆಗೆದು, ಸೀರೆಯ ತುಂಡು ತೆಗೆದು, ತಟ್ಟೆ ತೆಗೆದು ನೋಡಿದರು. ಇಷ್ಟು ಬಂದೋಬಸ್ತು ಯಾಕೆ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಹಂಡೆ ಓರೆ ಮಾಡಿ ಬಾಚಿದರೆ ಮೀಯಲು ಸಾಕಾಗುವಷ್ಟಿತ್ತು.

ಆ ಮನೆಯಲ್ಲಿ ಸದ್ದಾದರೆ ನಾವು ಗಮನಿಸುತ್ತಿರಲಿಲ್ಲ. ಅಂದು ಸದ್ದು ನಡುವೆಯೇ ನಿಂತುಹೋಯಿತು. ನಾವಿಬ್ಬರೂ ಓಡಿದೆವು. ರಾಯರು ಒದ್ದೆ ಪಂಚೆಯಲ್ಲಿ ಬಚ್ಚಲ ಹೊಸ್ತಿಲ ಮೇಲೆ ನಿಂತಿದ್ದರು. ಯಮುನಕ್ಕ ಖಾಲಿ ಹಂಡೆಯ ಬಾಯಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು.

"ಏನಾತು ಅಂತರ ಹೇಳು," ಎಂದರು ರಾಯರು. "ಬೈಯರೆ ಬೈ."

"ಸಾಬೂನು ಹಚ್ಚೀರೇನು?"

"ಹಾಂ?"

"ಸಾಬೂನು, ಸಾಬೂನು. ಹಚ್ಚೀರೇನು ಇಲ್ಲೋ?"

"ಕಾಲಿಗೆ ಅಷ್ಟ ಹಚ್ಚೇನಿ."

ನಮ್ಮೂರಲ್ಲಿ ಬಚ್ಚಲ ನೀರನ್ನೂ ಚೆಲ್ಲುವುದಿಲ್ಲ. ಹೊರಗೆ ಕಲ್ಲಿನ ತೊಟ್ಟಿಯಲ್ಲಿ ಹಿಡಿದಿಟ್ಟು ಅಂಗಳ ತೊಳೆಯಲು ಬಳಸುತ್ತೇವೆ. ಯಮುನಕ್ಕ ಎದ್ದು ಹೋಗಿ ತೊಟ್ಟಿ ನೋಡಿದರು. ಎಣ್ಣೆಯೂ ನೊರೆಯೂ ತೇಲುವ ಒಂದಿಷ್ಟು ಬೂದು ನೀರಿತ್ತು. ತಿರುಗಿ ಬಂದು ಗಂಡನ ಹೆಗಲ ಮೇಲಿದ್ದ ಒದ್ದೆ ಟವೆಲು ಎಳೆದುಕೊಂಡರು, ಲೋಟದ ಮೇಲೆ ಹಿಡಿದು ಹಿಂಡಿದರು. ಬಂದದ್ದು ಬೊಗಸೆಗೂ ಕಡಿಮೆ. ಆಗ ಅವರ ಬಾಯಿಂದ ಹಂಡೆಯ ಕತೆ ಅರ್ಧಂಬರ್ಧ ಹೊರಬಿತ್ತು. ಅಂಬಿ ತುಂಬಿಟ್ಟ ನೀರು, ಅಂಬಿಯ ಕೈಯ ನೀರು, ಇಷ್ಟು ದಿನ ಕಾಪಾಡಿದೆ, ನೀವು ಮೈಮೇಲೆ ಸುರಕೊಂಡಿರಿ. ರಾಯರು ಕೇಳುತ್ತ ಕೇಳುತ್ತ ಅಲ್ಲೇ ಕೂತುಬಿಟ್ಟರು. ಅವರೇನೋ ಹೇಳಲು ಬಾಯಿ ತೆರೆದರು. ನನಗೂ ತಿಳಿಯಿತು, ನನ್ನ ಹೆಂಡತಿಗೂ ತಿಳಿಯಿತು, ಅವರು ಏನು ಹೇಳಬೇಕೆಂದಿದ್ದಾರೆ ಎಂದು. ನಮ್ಮೂರಲ್ಲಿ ಹುಟ್ಟಿದ ಯಾವ ಕೂಸಿಗಾದರೂ ತಿಳಿದ ವಿಷಯ ಅದು. ಆದರೆ ಯಾರಿಂದಲೂ ಹೇಳಲಾಗಲಿಲ್ಲ. ಯಮುನಕ್ಕ ನಮ್ಮ ಮುಖಗಳನ್ನು ನೋಡಲೂ ಇಲ್ಲ. ಲೋಟಕ್ಕೆ ಸೆರಗು ಮುಚ್ಚಿಕೊಂಡು, ಗಿಡದ ವಿಷಯ ಸಾಬರನ್ನೇ ಕೇಳುತ್ತೇನೆಂದು ಮಣ್ಣಿನ ಡಿಪೋಕ್ಕೆ ಹೊರಟರು.

ಮೋದಿನಸಾಬರು ಕುರ್ಚಿಯಲ್ಲಿ ಕೂತು ಕಡ್ಲೆ ತಿನ್ನುತ್ತಿದ್ದರಂತೆ. ಯಮುನಕ್ಕ ನೇರವಾಗಿ ಕೇಳಿದರು. "ಒಬ್ಬರು ತುಂಬಿಟ್ಟ ನೀರು ಇನ್ನೊಬ್ಬರ ಮೈಮ್ಯಾಲೆ ಬಿದ್ರ ಅದು ಯಾರ ನೀರು?" ಸಾಬರಿಗೆ ತಲೆಬುಡ ತಿಳಿಯಲಿಲ್ಲ. ನಾಲ್ಕು ಸಲ ಹೇಳಿಸಿಕೊಂಡರು, ಕಡ್ಲೆಯ ಪೊಟ್ಟಣ ಮಡಿಸಿ ಜೇಬಿಗೆ ಹಾಕಿದರು, ಕೋಲು ತೆಗೆದುಕೊಂಡು, "ನಡಿ ತಂಗಿ, ಗಿಡ ನೋಡೂಣು" ಎಂದು ಜತೆಗೇ ಬಂದರು.

ಅವರು ಬಂದಾಗ ಸಂಜೆಯಾಗಿತ್ತು. ಬಾಗಿಲು ನೂಕಿದ ಸದ್ದಿಗೆ ಕರಿಬೇವಿನ ಚಿಗುರೆಲ್ಲ ನಿಮಿರಿ ನಿಂತವು. ಸಾಬರು ಹೊಸ್ತಿಲಲ್ಲೇ ನಿಂತು ನೋಡಿದರು. ಯಮುನಕ್ಕ ಹಿಂದಿನಿಂದ ಬಂದು, "ನೋಡ್ರಿ, ದಿನಾ ಹಿಂಗ. ಹೊರಗ ಹೋಗ್ತೀನಿ ಅಂತ ಹಟಾ ಮಾಡ್ತಾಳ" ಎಂದರು.

ಸಾಬರು ಕಟ್ಟೆಯ ಮೇಲೆ ಕೂತು ಕೋಲನ್ನು ಮೊಣಕಾಲಿಗೆ ಒರಗಿಸಿದರು. "ತಂಗಿ, ಇಷ್ಟು ದಿನ ನೀರು ಯಾರು ಹಾಕ್ಯಾರ?"

"ಅಂಬೀ ನೀರು. ಹೇಳಿದ್ನಲ್ಲ."

"ನೀರು ಅಂಬಕ್ಕಂದು. ಹಾಕಿದ್ದು ಯಾರು?"

"ನಾನ."

"ಮತ್ತ?"

ಯಮುನಕ್ಕ ಲೋಟ ಹಿಡಿದೇ ನಿಂತಿದ್ದರು.

"ನೀರಿಗೆ ಏನೂ ನೆನಪಿರಂಗಿಲ್ಲವಾ," ಎಂದರು ಸಾಬರು. "ಅದು ಹೊಳ್ಯಾಗಿಂದು, ನಲ್ಯಾಗ ಬರತೈತಿ, ಹೋಗತೈತಿ. ಗಿಡ ಹಿಡ್ಯೂದು ಹಾಕೋ ಕೈ. ಇದು ಅಂಬಕ್ಕನ ಗಿಡ ಅಲ್ಲ. ಆಗಲೇ ನಿನ್ನ ಕೈಗೆ ಬಂದ್ಬಿಟ್ಟೈತಿ."

"ಸುಳ್ಳು. ಹಂಗಾರ ಬಾಗಲಾ ಯಾಕ ನೋಡ್ತದ? ನಾ ಎಲ್ಲಿ ಹೊರಗ ಹೊಂಟೇನಿ? ಮೂವತ್ತು ವರ್ಷಾತು, ಈ ಅಡಿಗಿಮನಿ ಬಿಟ್ಟು ಎಲ್ಲಿ ಹೋಗೇನಿ?"

"ಹೊರಗ ಹೋಗೋರು ಬಾಗಲಾ ಹಿಂಗ ನೋಡಂಗಿಲ್ಲ," ಎಂದರು ಸಾಬರು. "ಬರೋರನ್ನ ಕಾಯೋರು ಹಿಂಗ ನೋಡ್ತಾರ. ಅಂಬಕ್ಕ ಸಂಜಿಗೆ ಡಿಪೋ ಬಿಟ್ಟು ಮನೀಗೆ ಬರೋ ಹೊತ್ತಿಗೆ ನೀ ಏನ ಮಾಡ್ತಿದ್ದಿ?"

ಯಮುನಕ್ಕ ಅಡಿಗೆಮನೆಯ ಕಿಟಕಿಯ ಕಡೆ ನೋಡಿದರು. "ಚಹಾಕ್ಕ ನೀರು ಇಡ್ತಿದ್ದೆ," ಎಂದರು. "ಅಕಿ ಬಂದ ಮ್ಯಾಲೆ ಸಕ್ಕರಿ ಹಾಕ್ತಿದ್ದೆ. ತಡಾ ಮಾಡಿದ್ರ ಆರಿ ಹೋಗ್ತದಲ್ಲ. ಅದಕ್ಕ ಬಾಗಲಾ ನೋಡ್ತಿದ್ದೆ."

"ಅಷ್ಟ."

"ಅಷ್ಟ," ಎಂದರು ಯಮುನಕ್ಕ. ಲೋಟ ಕೆಳಗಿಟ್ಟು ಕಟ್ಟೆಯ ಮೇಲೆ ಕೂತರು. ಆಮೇಲೆ, "ಹಂಗಾದ್ರ ಅಕಿ ಹೋದ್ಲು. ನಾನ ಕೈಯಾರೆ ಕಳದ್ನಿ. ಅಕಿ ಅಣ್ಣ ನೀರು ಹಾಕಿದ್ರ ಅಕಿದೊಂದು ಛಾಯಾ ಆದ್ರೂ ಉಳೀತಿತ್ತು" ಎಂದರು. ಸೆರಗಿನ ತುದಿಯ ಗಂಟನ್ನು ಬಿಚ್ಚಲು ಹೋಗಿ, ಬಿಚ್ಚದೆ, ಹಾಗೇ ಹಿಡಿದುಕೊಂಡರು.

ಸಾಬರು ಸಮಾಧಾನ ಹೇಳುವ ಜಾತಿಯವರಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಎರಡು ಕಡ್ಲೆ ಬಾಯಿಗೆ ಹಾಕಿಕೊಂಡರು. "ದಿನಾ ಮಧ್ಯಾಹ್ನ ನಮಗೆಲ್ಲ ಡಬ್ಬಿ ತೋರಸ್ತಿದ್ಲು," ಎಂದರು. "ನೋಡ್ರಿ ಸಾಬ್, ನಮ್ಮ ವೈನಿ ಇವತ್ತೂ ಇಂಗು ಸುರದಾಳ, ನೋಡ್ರಿ ಉಪ್ಪು ಮರತಾಳ ಅಂತ. ನಮಗ ಒಂದೊಂದು ತುತ್ತು ಕೊಟ್ಟು ರುಜು ಹಾಕಸ್ತಿದ್ಲು. ನಾವು ಹೌದೌದು ಅಂತಿದ್ವಿ. ಆಮ್ಯಾಗ ಡಬ್ಬೀನ ಬೆರಳಲೆ ಬಳದು ಬಳದು ತಿಂತಿದ್ಲು. ಡಬ್ಬಿ ತೊಳ್ಯೋ ಕೆಲಸಾನ ಇರ್ತಿದ್ದಿಲ್ಲ. ಗಿಡ ಸುಳ್ಳು ಹೇಳಂಗಿಲ್ಲ ಅಂತಿದ್ಲಲ್ಲ, ಎಲ್ಲಾ ಖರೇನೂ ಹೇಳಂಗಿಲ್ಲ ಅದು."

ಯಮುನಕ್ಕ ನಕ್ಕರೋ ಅತ್ತರೋ ನನಗೆ ಹೇಳಲು ಬರುವುದಿಲ್ಲ. ನನ್ನ ಹೆಂಡತಿ ನನ್ನನ್ನು ಮನೆಗೆ ಕಳಿಸಿದಳು. ಸಾಬರು ಚಹಾ ಕುಡಿದೇ ಹೋದರಂತೆ. ಚಹಾಕ್ಕೆ ನೀರು ನಮ್ಮ ಮನೆಯಿಂದ ಹೋಯಿತು.

ಮರುದಿನ ಕೊಳವೆ ದುರಸ್ತಿಯಾಗಿ ನಲ್ಲಿಯಲ್ಲಿ ನೀರು ಬಂತು. ಯಮುನಕ್ಕ ಹಾಡುಹಗಲೇ, ನಿಂಗವ್ವನೂ ಇನ್ನಿಬ್ಬರು ಹೆಂಗಸರೂ ನೋಡುತ್ತಿರುವಂತೆ, ತಮ್ಮ ಕೊಡದಲ್ಲಿ ತಾವೇ ನೀರು ಹಿಡಿದು ತಂದರು. ಕರಿಬೇವಿನ ಬುಡಕ್ಕೆ ತಂಬಿಗೆ ತುಂಬ ಹಾಕಿದರು, ಇನ್ನೊಂದು ತಂಬಿಗೆ ಹಾಕಿದರು. ಹಳದಿಯಾದ ಎಲೆಗಳನ್ನು ಬಿಡಿಸಿದರು. "ಈಗ ಯಾಕ ಹಾಕ್ತೀರವಾ?" ಎಂದು ನಿಂಗವ್ವ ಇಣುಕಿದಳು. "ನಿನ್ನ ಕೇಳಿ ಹಾಕಬೇಕಾಗಿತ್ತೇನು?" ಎಂದರು ಯಮುನಕ್ಕ. ದನಿ ಎಂದಿನಂತೆಯೇ ಇತ್ತು. ಓಣಿಗೆ ಸ್ವಲ್ಪ ನಿರಾಸೆಯಾಯಿತು.

ಸಂಜೆ ನಾನು ನಮ್ಮ ಕಟ್ಟೆಯ ಮೇಲೆ ಕೂತಿದ್ದೆ. ಅವರ ಮನೆಯ ಬಾಗಿಲು ತೆರೆದಿತ್ತು. ಬೀದಿದೀಪ ಹತ್ತಿತು, ಕರಿಬೇವು ಬಾಗಿಲ ಕಡೆ ಹೊರಳಿತು. ಶೇಷಗಿರಿರಾಯರು ಅಂಗಡಿ ಮುಚ್ಚಿ ಬಂದು ಚಿಲಕ ಅಲ್ಲಾಡಿಸಿದರು. ಗಿಡ ನಿಮಿರಿತು. ಬಂದವರು ಯಾರೆಂದು ಕಂಡು ಜೋತಿತು. ರಾಯರು ಚಪ್ಪಲಿ ಬಿಡುವುದನ್ನು ನಿಲ್ಲಿಸಿ ಅದನ್ನು ನೋಡಿದರು. ಭೂತಗಾಜಿಲ್ಲದೆ ಅವರು ಯಾವುದನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾ ಬಂದ್ರ ಇಷ್ಟ ಏನು?" ಎಂದು ಕೇಳಿದರು.

"ನಿಮಗ ಚಹಾ ಇಟ್ಟೇನಿ, ಒಳಗ ಹೋಗ್ರಿ," ಎಂದರು ಯಮುನಕ್ಕ.

ರಾಯರು ಒಳಗೆ ಹೋದರು. ಯಮುನಕ್ಕ ಮಣೆ ತಂದು ಗಿಡದ ಪಕ್ಕ ಹಾಕಿಕೊಂಡು ಕೂತರು. ಇಬ್ಬರೂ ಒಂದೇ ಕಡೆಗೆ ನೋಡುತ್ತಿದ್ದರು. ಬೀದಿಯಲ್ಲಿ ಯಾರೋ ಸೈಕಲ್ಲು ಉರುಳಿಸಿಕೊಂಡು ಹೋದರು, ಚಿಗುರು ಒಂದಿಷ್ಟು ಎದ್ದು ಮತ್ತೆ ಇಳಿಯಿತು.

"ಅಕಿ ಬರೂದಿಲ್ಲ," ಎಂದರು ಯಮುನಕ್ಕ. ಯಾರ ಮೇಲೂ ಸಿಟ್ಟಿಲ್ಲದ ಆ ದನಿಯನ್ನು ನಾನು ಗೋಡೆಯಾಚೆಯಿಂದ ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. "ನಿನಗ ಒಮ್ಮೆಗೆ ತಿಳಿಯೂದಿಲ್ಲ. ನನಗೂ ತಿಳೀಲಿಲ್ಲ."

ಗಿಡ ಬಾಗಿಲನ್ನೇ ನೋಡುತ್ತಿತ್ತು. ಕತ್ತಲಾಗತೊಡಗಿದಾಗ ಯಮುನಕ್ಕ ಬಾಗಿಲು ಹಾಕಲೆಂದು ಎದ್ದು ಬಂದರು. ಒಂದು ಕದ ಹಾಕಿದರು, ಇನ್ನೊಂದರ ಮೇಲೆ ಕೈಯಿಟ್ಟು ನಿಂತರು, ತಿರುಗಿ ಅಂಗಳದತ್ತ ನೋಡಿದರು, ಅದನ್ನು ಹಾಗೆಯೇ ಬಿಟ್ಟರು. ಕಟ್ಟೆಯ ಮೇಲೆ ನಾನಿರುವುದು ಕಂಡಿತು.

"ಗಿಡಕ್ಕ ಗಾಳಿ ಬೇಕಾಗ್ತದ," ಎಂದರು. ನಾನು ಏನೂ ಕೇಳಿರಲಿಲ್ಲ.